‘ಅರಳು ಮರಳು’ ಎಂಬ ಮಾತೂ ಅಲ್ಜೈಮರ್ ವ್ಯಾಧಿಯ ಚಿಕಿತ್ಸೆಯೂ

೧

‘ಅರವತ್ತಕ್ಕೆ ಅರಳು ಮರಳು’ ಎಂಬುದು ಕನ್ನಡನಾಡಿನ ಎಲ್ಲ ಕಡೆಗಳಲ್ಲಿಯೂ ಬಳಕೆಯಲ್ಲಿರುವ ಗಾದೆ. ಮನೆಯ ಹಿರಿಯರೊಬ್ಬರು ಈಗತಾನೆ ಉಂಡೆದ್ದು ತಮಗೆ ಊಟವನ್ನೇ ಬಡಿಸಲಿಲ್ಲವೆಂದು ದೂರಿದಾಗ, ಕನ್ನಡಕವನ್ನು ಅಕ್ಕಿಯ ಡಬ್ಬದಲ್ಲಿಟ್ಟು ಸೊಸೆಯ ಮೇಲೆ ಕಳವಿನ ಅಪವಾದವನ್ನು ಹೊರಿಸಿದಾಗ, ನಲವತ್ತು ವರ್ಷಗಳ ಕಾಲ ನಡೆದಾಡಿದ ಬೀದಿಯಲ್ಲಿ ಮನೆಯ ದಾರಿ ಕಾಣದೆ ನಿಂತಾಗ, ಮನೆಯವರೂ ನೆರೆಯವರೂ ಈ ಗಾದೆಯನ್ನು ನೆನೆದು ಸುಮ್ಮನಾಗುವರು. ಗಾದೆಯಲ್ಲಿ ಪರಿಹಾಸವೂ ಉಂಟು, ಕ್ಷಮೆಯೂ ಉಂಟು. ಆದರೆ ಅದರೊಳಗೆ ಒಂದು ತೀರ್ಪೂ ಅಡಗಿದೆ. ಇದು ವಯೋಧರ್ಮ, ಇದಕ್ಕೆ ಮಾಡತಕ್ಕದ್ದೇನೂ ಇಲ್ಲ ಎಂಬುದೇ ಆ ತೀರ್ಪು.

ಈ ತೀರ್ಪನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅಲ್ಜೈಮರ್ ವ್ಯಾಧಿಗೆ ಚಿಕಿತ್ಸೆಯನ್ನೂ ಆಸರೆಯನ್ನೂ ಅರಸಬೇಕಾದವರಿಗೆ ವೈದ್ಯರ ಅಭಾವಕ್ಕಿಂತಲೂ ಹಣದ ಅಭಾವಕ್ಕಿಂತಲೂ ಮುಂಚೆ ಅಡ್ಡಬರುವುದು ಒಂದು ಮಾತು. ಆ ಮಾತನ್ನು ದಾಟಿದ ಮೇಲೆ ದೊರೆಯತಕ್ಕ ಚಿಕಿತ್ಸೆಯ ಬಹುಭಾಗವೂ ಮಾತಿನ ಮೂಲಕವೇ ನಡೆಯತಕ್ಕದ್ದು. ಆದಕಾರಣ ವೈದ್ಯರ ವಿಷಯವೆಂದು ತೋರುವ ಇದು ಭಾಷೆಯನ್ನು ಕಲಿತವರಿಗೂ ಕಲಿಸುವವರಿಗೂ ಸಂಬಂಧಿಸಿದ್ದಾಗಿದೆ.

ಮೊದಲು ಪದಗಳ ವಿಚಾರ. ‘ಅರಳು ಮರಳು’ ಎಂಬ ಜೋಡುನುಡಿಯ ಎರಡನೆಯ ಪದವನ್ನು ‘ಮರುಳು’ ಎಂಬುದರೊಡನೆ ಹೋಲಿಸಬಹುದು. ಆಡುಮಾತಿನಲ್ಲಿ ‘ಅರುಳು ಮರುಳು’ ಎಂಬ ರೂಪವೂ ಕೇಳಬರುವುದು. ಮರುಳೆಂದರೆ ಭ್ರಾಂತಿ, ಹುಚ್ಚು ಎಂಬ ಅರ್ಥಗಳು ಪ್ರಸಿದ್ಧವಾಗಿವೆ. ಇದೇ ನುಡಿಯಿಂದ ಮರಳಿ ಅರಳುವುದೆಂಬ ಅರ್ಥವನ್ನೂ ಹೊರಡಿಸಬಹುದು. ಅರವತ್ತರ ಅಂಚಿನಲ್ಲಿದ್ದ ದ. ರಾ. ಬೇಂದ್ರೆಯವರು ತಮ್ಮ ಕವನಸಂಗ್ರಹವೊಂದಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ೧೯೫೮ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಪೂರ್ತಿಯನ್ನು ನೆರವೇರಿಸಿ ಗೌರವಿಸುವ ಸಮಾಜವೇ ಅರವತ್ತನ್ನು ಬುದ್ಧಿ ಕೆಡುವ ಗಡಿಯೆಂದೂ ಎಣಿಸಿರುವುದು ಗಮನಾರ್ಹವಾಗಿದೆ.

ಇನ್ನು ‘ಮರವೆ’ ಎಂಬ ಪದ. ವಚನಸಾಹಿತ್ಯದಲ್ಲಿ ಅರಿವು, ಮರವೆ ಎಂಬ ಎರಡು ಪದಗಳು ಒಂದಕ್ಕೊಂದು ಎದುರಾಗಿ ನಿಲ್ಲುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಮರವೆಯು ಆತ್ಮದ ನಿದ್ರೆ, ಎಚ್ಚತ್ತರೆ ಕಳೆಯತಕ್ಕದ್ದು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಮರವೆಯು ಶಾಪದಿಂದ ಬಂದು ಉಂಗುರದಿಂದ ಕಳೆಯಿತು. ಹೀಗೆ ಸಾಹಿತ್ಯದಲ್ಲಿ ಮರವೆಯು ದೋಷವಾಗಿಯೋ ಶಾಪವಾಗಿಯೋ ಬರುವುದು, ಎರಡಕ್ಕೂ ಬಿಡುಗಡೆಯುಂಟು. ಈ ಸಂಸ್ಕಾರವು ಮನೆಯ ಮಾತಿನಲ್ಲಿಯೂ ಇಳಿದಿದೆ. ‘ಸ್ವಲ್ಪ ನೆನಪು ಮಾಡಿಕೊಳ್ಳಿ’ ಎಂದು ರೋಗಿಯನ್ನು ಒತ್ತಾಯಿಸುವವರು, ಮರೆತದ್ದು ಅಜಾಗರೂಕತೆಯಿಂದ, ಮನಸ್ಸಿಟ್ಟರೆ ನೆನಪಾಗುವುದು ಎಂದು ಭಾವಿಸಿರುವರು. ಅಲ್ಜೈಮರ್ ವ್ಯಾಧಿಯ ಮರವೆಗೆ ಇಂಥ ಉಂಗುರವಿಲ್ಲ. ನೆನಪನ್ನು ಬರೆದಿಡತಕ್ಕ ಮಿದುಳಿನ ಭಾಗವೇ ಅಲ್ಲಿ ಸವೆದಿರುವುದು.

೨

ವಯಸ್ಸನ್ನೂ ವ್ಯಾಧಿಯನ್ನೂ ಒಂದೆಂದು ಬಗೆದವರು ಕನ್ನಡಿಗರು ಮಾತ್ರವಲ್ಲ. ಹಿಂದಿಯಲ್ಲಿ ಬುದ್ಧಿ ಮಂಕಾಗುವುದಕ್ಕೆ ‘ಸಠಿಯಾನಾ’ ಎನ್ನುವರು. ಈ ಧಾತುವೇ ಅರವತ್ತೆಂಬ ಸಂಖ್ಯೆಯಿಂದ ಹುಟ್ಟಿದ್ದು. ಕೇರಳದಲ್ಲಿ ಇದೇ ಸ್ಥಿತಿಯನ್ನು ‘ಚಿನ್ನನ್’, ಎಂದರೆ ಮಗುತನ, ಎಂದು ಕರೆಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಗೋವೆಯಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜನರು ಈ ಲಕ್ಷಣಗಳನ್ನು ಚೆನ್ನಾಗಿ ಗುರುತಿಸಬಲ್ಲರು, ಆದರೆ ಅವು ವೈದ್ಯನಿಗೆ ತೋರಿಸತಕ್ಕವೆಂದು ಎಣಿಸುವುದಿಲ್ಲ ಎಂದು ಕಂಡುಬಂದಿತು. ಲಕ್ಷಣಗಳು ಪರಿಚಿತವಾಗಿದ್ದುವು, ರೋಗವೆಂಬ ಭಾವನೆ ಮಾತ್ರ ಇರಲಿಲ್ಲ.

ಯೂರೋಪಿನ ವೈದ್ಯಶಾಸ್ತ್ರದಲ್ಲಿಯೂ ಇದೇ ಭ್ರಮೆಯು ಬಹುಕಾಲ ನಿಂತಿತ್ತು. ೧೯೦೧ನೆಯ ನವೆಂಬರ್ ತಿಂಗಳಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಅಗಸ್ಟೆ ಡೆಟರ್ ಎಂಬಾಕೆಯನ್ನು ಕರೆತಂದರು. ಆಕೆಗೆ ಆಗ ೫೧ ವರ್ಷ. ಗಂಡನ ಮೇಲೆ ಕಾರಣವಿಲ್ಲದ ಸಂಶಯದಿಂದ ಆರಂಭವಾದ ವ್ಯಾಧಿಯು ಮರೆವಿಗೂ ದಿಕ್ಕುತಪ್ಪುವಿಕೆಗೂ ತಿರುಗಿತ್ತು. ಆಲಾಯಿಸ್ ಅಲ್ಜೈಮರ್ ಎಂಬ ವೈದ್ಯನು ಆಕೆಯನ್ನು ಪ್ರಶ್ನಿಸಿ ಉತ್ತರಗಳನ್ನು ಬರೆದಿಟ್ಟನು. ಹೂಕೋಸನ್ನೂ ಮಾಂಸವನ್ನೂ ತಿನ್ನುತ್ತಿದ್ದಾಗ ಏನನ್ನು ತಿನ್ನುತ್ತಿರುವಿರೆಂದು ಕೇಳಿದರೆ ಆಕೆ ಪಾಲಕಿನ ಸೊಪ್ಪೆಂದಳು. ತಾನು ತನ್ನನ್ನೇ ಕಳೆದುಕೊಂಡಿರುವುದಾಗಿಯೂ ಆಕೆ ನುಡಿದಳು. ೧೯೦೬ನೆಯ ಏಪ್ರಿಲಿನಲ್ಲಿ ಆಕೆ ಮರಣಹೊಂದಿದ ಮೇಲೆ ಅಲ್ಜೈಮರನು ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ನರಕೋಶಗಳ ಹೊರಗೆ ಗಡ್ಡೆಗಳಂತಹ ಸಂಚಯಗಳನ್ನೂ ಒಳಗೆ ಸಿಕ್ಕುಗೊಂಡ ನಾರುಗಳನ್ನೂ ಕಂಡನು. ಅದೇ ವರ್ಷದ ನವೆಂಬರ್ ೩ರಂದು ಟ್ಯೂಬಿಂಗನ್ನಿನ ವೈದ್ಯಸಭೆಯಲ್ಲಿ ಇದನ್ನು ನಿವೇದಿಸಿದನು. ೧೯೧೦ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ವ್ಯಾಧಿಗೆ ಅಲ್ಜೈಮರನ ಹೆಸರನ್ನೇ ಇಟ್ಟನು.

ಆದರೆ ಆಕೆಯ ವಯಸ್ಸು ಒಂದು ತೊಡಕನ್ನು ಉಂಟುಮಾಡಿತು. ಐವತ್ತರಲ್ಲಿ ಬಂದದ್ದು ಅಪೂರ್ವವಾದ ವ್ಯಾಧಿಯೆಂದೂ, ಎಪ್ಪತ್ತರಲ್ಲಿ ಬಂದದ್ದು ಮುಪ್ಪಿನ ಸಹಜ ಪರಿಣಾಮವೆಂದೂ ವೈದ್ಯರು ಸುಮಾರು ಅರವತ್ತು ವರ್ಷಗಳವರೆಗೆ ಬೇರ್ಪಡಿಸಿ ನೋಡಿದರು. ೧೯೭೬ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಈ ಎರಡೂ ಒಂದೇ ವ್ಯಾಧಿಯೆಂದೂ, ಮುಪ್ಪಿನ ಹೆಸರಿನಲ್ಲಿ ಅಸಂಖ್ಯ ರೋಗಿಗಳು ಲೆಕ್ಕಕ್ಕೆ ಬಾರದೆ ಹೋಗುತ್ತಿರುವರೆಂದೂ ಪ್ರತಿಪಾದಿಸಿದನು. ಆ ಬಳಿಕವೇ ಸಂಶೋಧನೆಯೂ ರೋಗಿಗಳ ಕುಟುಂಬಗಳ ಸಂಘಗಳೂ ಬೆಳೆದುವು. ಹೆಸರು ಬದಲಾದ ಮೇಲೆ ನೆರವು ಬಂದಿತೆಂಬುದು ಈ ಚರಿತ್ರೆಯ ಸಾರ.

೩

ಗಾದೆಯು ಸತ್ಯವೇ ಎಂಬುದನ್ನು ಅಂಕಿಗಳಿಂದಲೂ ಪರೀಕ್ಷಿಸಬಹುದು. ಭಾರತದಾದ್ಯಂತ ನಡೆಸಿದ ಸಮೀಕ್ಷೆಯೊಂದರ ಫಲಿತಾಂಶಗಳು ೨೦೨೩ರಲ್ಲಿ ಪ್ರಕಟವಾದುವು. ಅದರಂತೆ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಎಂಬ ಬುದ್ಧಿಕ್ಷಯವುಳ್ಳವರು ನೂರಕ್ಕೆ ೭.೪, ಒಟ್ಟು ಸಂಖ್ಯೆಯು ಸುಮಾರು ೮೮ ಲಕ್ಷ. ಎಂದ ಮೇಲೆ ಅರವತ್ತು ದಾಟಿದ ನೂರು ಮಂದಿಯಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಈ ಸ್ಥಿತಿಯಿಲ್ಲ. ಬಹುಮಂದಿಗೆ ಬಾರದಿರುವುದನ್ನು ವಯೋಧರ್ಮವೆನ್ನುವುದು ಯುಕ್ತವಲ್ಲ. ಡಿಮೆನ್ಷಿಯಾ ಎಂಬುದು ಲಕ್ಷಣಗಳ ಸಮುದಾಯದ ಹೆಸರು. ಅಲ್ಜೈಮರ್ ವ್ಯಾಧಿಯು ಅದರ ಕಾರಣಗಳಲ್ಲಿ ಮುಖ್ಯವಾದುದು. ನೂರಕ್ಕೆ ಅರವತ್ತರಿಂದ ಎಪ್ಪತ್ತರಷ್ಟು ಪ್ರಸಂಗಗಳಿಗೆ ಅದು ಕಾರಣವಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು.

ವೈದ್ಯರ ಬಳಿಗೆ ಬೇಗನೆ ಹೋಗತಕ್ಕದ್ದೇಕೆಂಬ ಪ್ರಶ್ನೆಗೆ ಮೊದಲನೆಯ ಉತ್ತರವು ಇಲ್ಲಿದೆ. ಮರೆವಿನಂತೆ ತೋರುವುದೆಲ್ಲವೂ ಅಲ್ಜೈಮರ್ ವ್ಯಾಧಿಯಲ್ಲ. ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದತೆ, ಖಿನ್ನತೆ, ತಲೆಗೆ ಪೆಟ್ಟುಬಿದ್ದು ಮಿದುಳಿನ ಹೊರಪೊರೆಯ ಕೆಳಗೆ ಕಟ್ಟಿದ ರಕ್ತ, ಮಿದುಳಿನ ಕೋಣೆಗಳಲ್ಲಿ ಹೆಚ್ಚಿದ ದ್ರವ, ನಿದ್ರೆಯ ಮಾತ್ರೆಗಳೇ ಮೊದಲಾದ ಕೆಲವು ಔಷಧಿಗಳು, ಇವುಗಳಿಂದಲೂ ಅಂಥ ಲಕ್ಷಣಗಳು ಬರಬಹುದು. ಇವುಗಳಲ್ಲಿ ಹಲವಕ್ಕೆ ಪರಿಹಾರವುಂಟು. ಹಠಾತ್ತಾಗಿ ಒಂದೆರಡು ದಿನಗಳಲ್ಲಿಯೇ ಬುದ್ಧಿ ಕಲಕಿದರೆ ಅದು ಸೋಂಕಿನಿಂದಲೋ ಲವಣಾಂಶದ ವ್ಯತ್ಯಾಸದಿಂದಲೋ ಬಂದಿರಬಹುದಾದ್ದರಿಂದ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಗಾದೆಯನ್ನು ನಂಬಿ ಕುಳಿತವರು ಗುಣವಾಗಬಹುದಾದ ರೋಗವನ್ನೂ ಗುಣವಾಗದಂತೆ ಮಾಡಿಕೊಳ್ಳುವರು.

ರೋಗನಿರ್ಣಯದಲ್ಲಿ ರಕ್ತಪರೀಕ್ಷೆ, ಮಿದುಳಿನ ಚಿತ್ರಗಳ ಜೊತೆಗೆ ಮುಖ್ಯವಾದುದು ನೆನಪು, ಮಾತು, ಲೆಕ್ಕ, ದಿಕ್ಕು, ವಿವೇಚನೆಗಳ ಪರೀಕ್ಷೆ. ಇದು ಪ್ರಶ್ನೋತ್ತರರೂಪದಲ್ಲಿ ನಡೆಯುವುದರಿಂದ ಭಾಷೆಯ ತೊಡಕು ಇಲ್ಲಿ ತಲೆದೋರುವುದು. ೧೯೭೫ರಲ್ಲಿ ಅಮೆರಿಕದಲ್ಲಿ ರಚಿತವಾದ ಪ್ರಸಿದ್ಧ ಪ್ರಶ್ನಾವಳಿಯು ನೂರರಿಂದ ಏಳೇಳನ್ನು ಕಳೆಯುತ್ತ ಹೋಗಲು ಹೇಳುವುದು, ಒಂದು ವಾಕ್ಯವನ್ನು ಬರೆಯಲು ಹೇಳುವುದು. ಶಾಲೆಯ ಮೆಟ್ಟಿಲನ್ನೇ ಹತ್ತದ ರೈತಮಹಿಳೆಯು ಇದರಲ್ಲಿ ಸೋತರೆ ಅದು ರೋಗದ ಗುರುತಾಗಲಾರದು. ಇಂಗ್ಲಿಷಿನ ಅವ್ಯಯಗಳನ್ನು ಪೋಣಿಸಿ ಮಾಡಿದ ನಾಲಗೆ ತಿರುಚುವ ವಾಕ್ಯವನ್ನು ಕನ್ನಡಕ್ಕೆ ಪದಶಃ ಇಳಿಸಿದರೆ ಅದು ಪರೀಕ್ಷೆಯಾಗದೆ ಒಗಟಾಗುವುದು. ಒಂದಕ್ಷರದಿಂದ ಆರಂಭವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳಿಸುವ ಪರೀಕ್ಷೆಯಲ್ಲಿ ಕಕಾರವೆಂದರೆ ಕೇವಲ ‘ಕ’ವೋ, ‘ಕಾ, ಕಿ, ಕೀ’ಗಳೂ ಸೇರಿದ ಬಳ್ಳಿಯೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಈ ಕಾರಣದಿಂದ ೧೯೯೫ರಲ್ಲಿ ಹರಿಯಾಣದ ಗ್ರಾಮಗಳಿಗಾಗಿ ಹಿಂದಿಯ ಪ್ರಶ್ನಾವಳಿಯೊಂದು ಸಿದ್ಧವಾಯಿತು. ತರುವಾಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಹಿಂದಿ, ಬಂಗಾಳಿ, ತೆಲುಗು, ಮಲೆಯಾಳ, ಕನ್ನಡ ಎಂಬ ಐದು ಭಾಷೆಗಳಿಗೆ ಹೊಂದಿಸಿದ ಪರೀಕ್ಷಾಸಮುಚ್ಚಯವನ್ನು ರೂಪಿಸಿತು. ರೋಗಿಯನ್ನು ಕರೆದೊಯ್ಯುವವರು, ಪರೀಕ್ಷೆಯು ಅವರ ಮನೆಮಾತಿನಲ್ಲಿಯೂ ಓದಿಗೆ ತಕ್ಕಂತೆಯೂ ನಡೆಯುವುದೇ ಎಂದು ಕೇಳುವುದು ಉಚಿತ.

೪

ಇನ್ನು ಔಷಧಿಗಳ ವಿಚಾರ. ಅಲ್ಜೈಮರ್ ವ್ಯಾಧಿಯನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿಯು ಇನ್ನೂ ದೊರೆತಿಲ್ಲ. ಬಳಕೆಯಲ್ಲಿರುವುವು ಎರಡು ವರ್ಗದವು. ಮೊದಲನೆಯ ವರ್ಗದವು ಲಕ್ಷಣಗಳನ್ನು ಕೆಲಕಾಲ ತಡೆಹಿಡಿಯುವುವು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಮಿದುಳಿನಲ್ಲಿ ಬೇಗನೆ ಕರಗಿಹೋಗದಂತೆ ಮಾಡುವ ಡೊನೆಪೆಝಿಲ್ ೧೯೯೬ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಎಂಬುವೂ ಇದೇ ಬಗೆಯವು. ಮೆಮಂಟಿನ್ ಎಂಬುದು ಬೇರೊಂದು ಮಾರ್ಗದಿಂದ ಕೆಲಸಮಾಡುವುದು. ವ್ಯಾಧಿಯು ಮುಂದುವರಿದವರಿಗೆ ಅದನ್ನು ಕೊಡುವರು. ಇವು ಭಾರತದ ಔಷಧಿಯ ಅಂಗಡಿಗಳಲ್ಲಿ ವೈದ್ಯರ ಚೀಟಿಯ ಮೇಲೆ ದೊರೆಯುತ್ತವೆ. ಇವುಗಳ ಫಲವು ಸಾಧಾರಣವಾದುದು. ಕೆಲವರಲ್ಲಿ ಕೆಲವು ತಿಂಗಳುಗಳ ಕಾಲ ಇಳಿತವು ನಿಧಾನವಾದಂತೆ ಕಾಣುವುದು. ಕೆಲವರಲ್ಲಿ ಏನೂ ಕಾಣದು.

ಎರಡನೆಯ ವರ್ಗದವು ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಸಂಚಯವನ್ನು ತೊಡೆಯುವ ಪ್ರತಿಕಾಯಗಳು. ಲೆಕಾನೆಮ್ಯಾಬ್ ೨೦೨೩ರಲ್ಲಿಯೂ ಡೊನಾನೆಮ್ಯಾಬ್ ೨೦೨೪ರಲ್ಲಿಯೂ ಅಮೆರಿಕದಲ್ಲಿ ಪೂರ್ಣ ಅಂಗೀಕಾರವನ್ನು ಪಡೆದುವು. ಲೆಕಾನೆಮ್ಯಾಬಿನ ಪ್ರಯೋಗದಲ್ಲಿ ಹದಿನೆಂಟು ತಿಂಗಳುಗಳಲ್ಲಿ ಇಳಿತದ ವೇಗವು ನೂರಕ್ಕೆ ೨೭ರಷ್ಟು ತಗ್ಗಿತು. ವ್ಯಾಧಿಯು ತೀರ ಆರಂಭದಲ್ಲಿರುವವರಿಗೆ ಮಾತ್ರ ಇವು ಉಪಯುಕ್ತ. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವಗಳು ಆಗುವ ಅಪಾಯವುಂಟಾದ್ದರಿಂದ ಪದೇಪದೇ ಮಿದುಳಿನ ಚಿತ್ರವನ್ನು ತೆಗೆದು ನೋಡುತ್ತಿರಬೇಕು. ಇವುಗಳ ಬೆಲೆಯೂ ಬಹಳ. ಇದೇ ವರ್ಗದಲ್ಲಿ ೨೦೨೧ರಲ್ಲಿ ಅವಸರದ ಅಂಗೀಕಾರವನ್ನು ಪಡೆದ ಅಡುಕಾನುಮ್ಯಾಬ್ ಎಂಬುದನ್ನು ತಯಾರಕರು ೨೦೨೪ರಲ್ಲಿ ಕೈಬಿಟ್ಟರು. ಹೊಸ ಔಷಧಿಯ ವಾರ್ತೆಯನ್ನು ಕೇಳಿದೊಡನೆ ಹೊಲಮನೆಗಳನ್ನು ಮಾರಲು ಹೊರಡುವ ಕುಟುಂಬಗಳು ಈ ಸಂಗತಿಗಳನ್ನು ತಿಳಿದಿರಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳತಕ್ಕದ್ದು. ರೋಗಿಯು ಕೂಗಾಡಿದಾಗ, ರಾತ್ರಿಯೆಲ್ಲ ನಿದ್ರೆಯಿಲ್ಲದೆ ಅಲೆದಾಡಿದಾಗ, ಅವರನ್ನು ಮಂಕುಗೊಳಿಸುವ ಮನೋರೋಗದ ಔಷಧಿಗಳನ್ನು ಬಯಸುವುದುಂಟು. ಡಿಮೆನ್ಷಿಯಾ ಉಳ್ಳ ವೃದ್ಧರಲ್ಲಿ ಇಂಥ ಔಷಧಿಗಳಿಂದ ಮರಣದ ಸಂಭವವು ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೦೫ರಲ್ಲಿ ಎಚ್ಚರಿಸಿತು. ಕೂಗಾಟಕ್ಕೆ ಕಾರಣವಾಗಿ ನೋವು, ಮಲಬದ್ಧತೆ, ಮೂತ್ರದ ಸೋಂಕು, ಹಸಿವು, ಭಯ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಮೊದಲು ನೋಡಬೇಕು. ಹೇಳಿಕೊಳ್ಳಲು ಮಾತು ಸಾಲದವರು ನಡತೆಯಿಂದಲೇ ಹೇಳಿಕೊಳ್ಳುವರು.

೫

ಔಷಧಿಯ ಬಲವು ಇಷ್ಟೇ ಆದ ಮೇಲೆ ಚಿಕಿತ್ಸೆಯ ಭಾರವೆಲ್ಲ ಆರೈಕೆಯ ಮೇಲೆ ಬೀಳುವುದು. ಆರೈಕೆಯ ಭಾರವು ಬಹುಮಟ್ಟಿಗೆ ಹೆಂಡತಿ, ಮಗಳು, ಸೊಸೆ ಇವರ ಮೇಲೆ ಬೀಳುವುದು. ಈ ವ್ಯಾಧಿಯಲ್ಲಿ ಚಿಕಿತ್ಸೆ ಬೇಕಾದವರು ಇಬ್ಬರು. ರೋಗಿಯೊಬ್ಬರು, ಅವರನ್ನು ನೋಡಿಕೊಳ್ಳುವವರೊಬ್ಬರು. ನೋಡಿಕೊಳ್ಳುವವರು ನಿದ್ರೆಗೆಟ್ಟು ಕುಗ್ಗಿಹೋದರೆ ರೋಗಿಗೆ ಬೇರೆ ಗತಿಯಿಲ್ಲ.

ಇದಕ್ಕೆ ಕರ್ನಾಟಕದ ನೆರೆಯಲ್ಲಿಯೇ ನಡೆದ ಒಂದು ಪ್ರಯೋಗವು ಉತ್ತಮ ನಿದರ್ಶನವಾಗಿದೆ. ಗೋವೆಯ ಸಂಗಾತ್ ಎಂಬ ಸಂಸ್ಥೆಯ ಆಶ್ರಯದಲ್ಲಿ ನಡೆದ ಈ ಪ್ರಯೋಗದ ಫಲಿತಾಂಶವು ೨೦೦೮ರಲ್ಲಿ ಪ್ರಕಟವಾಯಿತು. ೮೧ ಕುಟುಂಬಗಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಗುಂಪುಗಳನ್ನು ಮಾಡಿ, ಒಂದು ಗುಂಪಿನ ೪೧ ಮನೆಗಳಿಗೆ ಆರು ತಿಂಗಳ ಕಾಲ ಗೃಹಸಲಹೆಗಾರರನ್ನು ಕಳುಹಿಸಿದರು. ಇವರು ವೈದ್ಯರಲ್ಲ, ದಾದಿಯರೂ ಅಲ್ಲ. ಸ್ಥಳದ ಭಾಷೆಯನ್ನು ಬಲ್ಲ, ಮಿತವಾದ ವಿದ್ಯಾಭ್ಯಾಸವುಳ್ಳ, ಅಲ್ಪಕಾಲದ ತರಬೇತಿಯನ್ನು ಪಡೆದ ಸಾಮಾನ್ಯ ಜನರು. ಮನೋವೈದ್ಯರೊಬ್ಬರು ಅವರಿಗೆ ಬೆಂಬಲವಾಗಿದ್ದರು. ಹದಿನೈದು ದಿನಗಳಿಗೊಮ್ಮೆಯಾದರೂ ಮನೆಗೆ ಹೋಗಿ, ರೋಗವೆಂದರೇನೆಂಬುದನ್ನು ತಿಳಿಸಿ, ಸ್ನಾನ, ಊಟ, ಅಲೆದಾಟ, ಕೋಪ ಇವುಗಳನ್ನು ನಿಭಾಯಿಸುವ ಬಗೆಯನ್ನು ಹೇಳಿಕೊಟ್ಟು, ಸರ್ಕಾರದ ಸೌಲಭ್ಯಗಳ ವಿವರವನ್ನು ಕೊಟ್ಟು, ನೋಡಿಕೊಳ್ಳುವವರ ದುಃಖವನ್ನು ಕೇಳುವುದೇ ಅವರ ಕೆಲಸ. ಆರು ತಿಂಗಳ ಮೇಲೆ ಅಳೆದು ನೋಡಿದಾಗ, ಭೇಟಿಯನ್ನು ಪಡೆದ ಮನೆಗಳಲ್ಲಿ ನೋಡಿಕೊಳ್ಳುವವರ ಮಾನಸಿಕ ಸ್ವಾಸ್ಥ್ಯವು ಉಳಿದವರಿಗಿಂತ ಉತ್ತಮವಾಗಿತ್ತು. ರೋಗಿಯ ನಡತೆಯಿಂದ ಅವರಿಗಾಗುತ್ತಿದ್ದ ಸಂಕಟವು ತಗ್ಗಿತ್ತು. ರೋಗಿಯ ದೈನಂದಿನ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲವೆಂಬುದನ್ನೂ ಹೇಳಬೇಕು. ರೋಗವು ಇದ್ದಂತೆಯೇ ಇದ್ದು ಮನೆಯು ಹಗುರವಾಯಿತು. ಅದನ್ನು ಸಾಧಿಸಿದ್ದು ಪರಿಚಿತವಾದ ಭಾಷೆಯಲ್ಲಿ ಆಡಿದ ತಿಳಿವಳಿಕೆಯ ಮಾತು.

ರೋಗಿಗಾಗಿಯೇ ಏರ್ಪಟ್ಟ ಔಷಧರಹಿತ ಚಿಕಿತ್ಸೆಗಳಲ್ಲಿ ಬುದ್ಧಿಪ್ರಚೋದನೆಯೆಂಬುದು ಚೆನ್ನಾಗಿ ಪರೀಕ್ಷೆಗೊಳಗಾದುದು. ೨೦೦೩ರಲ್ಲಿ ಇಂಗ್ಲೆಂಡಿನಲ್ಲಿ ೨೦೧ ರೋಗಿಗಳೊಡನೆ ನಡೆದ ಪ್ರಯೋಗದಲ್ಲಿ ವಾರಕ್ಕೆರಡರಂತೆ ಏಳು ವಾರಗಳಲ್ಲಿ ಹದಿನಾಲ್ಕು ಕೂಟಗಳನ್ನು ನಡೆಸಿದರು. ಬಾಲ್ಯ, ಆಹಾರ, ಶಬ್ದಗಳು, ಹಣ, ಪದಗಳ ಆಟ ಮುಂತಾದ ವಿಷಯಗಳ ಮೇಲೆ ಸಣ್ಣ ಗುಂಪಿನಲ್ಲಿ ಮಾತುಕತೆ ನಡೆಯುವುದೇ ಇದರ ಸ್ವರೂಪ. ಸರಿಯುತ್ತರವನ್ನು ನಿರೀಕ್ಷಿಸದೆ ಅಭಿಪ್ರಾಯವನ್ನು ಕೇಳುವುದು ಇದರ ನಿಯಮ. ನೆನಪಿನಲ್ಲಿಯೂ ಜೀವನದ ಸಮಾಧಾನದಲ್ಲಿಯೂ ಸ್ವಲ್ಪಮಟ್ಟಿನ ಅಭಿವೃದ್ಧಿಯು ಕಂಡುಬಂದಿತು. ಚೆನ್ನೈಯಲ್ಲಿ ಇದನ್ನು ದಕ್ಷಿಣಭಾರತದವರಿಗೆ ಹೊಂದಿಸಿ ನಡೆಸಿದ ಪ್ರಯತ್ನವು ೨೦೧೭ರಲ್ಲಿ ಪ್ರಕಟವಾಗಿದೆ. ವ್ಯಾಧಿಯು ಮೃದುವಾಗಿಯೋ ಮಧ್ಯಮವಾಗಿಯೋ ಇರುವವರಿಗೆ ಮಾತ್ರ ಇದು ಸಲ್ಲುವುದು.

ಮನೆಯ ಮಾತಿನಲ್ಲಿಯೂ ಇದೇ ನಿಯಮವನ್ನು ಅನುಸರಿಸಬಹುದು. ‘ನಾನು ಯಾರು, ಹೇಳಿ ನೋಡೋಣ’ ಎಂದು ಕೇಳುವುದು ಪರೀಕ್ಷೆ. ‘ಅಜ್ಜಿ, ನಾನು ನಿಮ್ಮ ಮೊಮ್ಮಗ, ಊಟಕ್ಕೆ ಕರೆಯಲು ಬಂದೆ’ ಎನ್ನುವುದು ನೆರವು. ತೀರಿಹೋದ ತಾಯಿಯನ್ನು ಕರೆಯೆಂದು ಹಟಮಾಡುವ ವೃದ್ಧೆಗೆ ಸಾವಿನ ಸುದ್ದಿಯನ್ನು ಪ್ರತಿದಿನವೂ ಹೇಳಿದರೆ ಆಕೆಗೆ ಪ್ರತಿದಿನವೂ ಹೊಸ ಶೋಕ. ‘ನಿಮ್ಮ ಅಮ್ಮ ಹೋಳಿಗೆ ಹೇಗೆ ಮಾಡುತ್ತಿದ್ದರು?’ ಎಂದು ಕೇಳಿದರೆ ಮಾತು ಬೇರೆ ದಾರಿ ಹಿಡಿಯುವುದು. ಒಮ್ಮೆಗೆ ಒಂದೇ ವಾಕ್ಯ, ಒಂದೇ ಪ್ರಶ್ನೆ, ಉತ್ತರಕ್ಕೆ ಸಾವಕಾಶ, ಇವು ಸಾಧಾರಣವಾದ ಸೂತ್ರಗಳು. ಊಟಬಲ್ಲವನಿಗೆ ರೋಗವಿಲ್ಲ, ಮಾತುಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಉತ್ತರಾರ್ಧವು ಈ ಆರೈಕೆಗೆ ಚೆನ್ನಾಗಿ ಒಪ್ಪುವುದು.

೬

ಕರ್ನಾಟಕದಲ್ಲಿ ಇಂಥ ನೆರವನ್ನು ಎಲ್ಲಿ ಅರಸಬೇಕೆಂಬುದನ್ನು ಇನ್ನು ಹೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ, ಮನೋರೋಗ ವಿಭಾಗಗಳೆರಡೂ ಇದ್ದು, ವೃದ್ಧರ ಮನೋರೋಗಕ್ಕೂ ಬುದ್ಧಿಕ್ಷಯಕ್ಕೂ ಪ್ರತ್ಯೇಕವಾದ ವ್ಯವಸ್ಥೆಯುಂಟು. ದೂರದ ಊರಿನವರು ಮೊದಲು ತಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು. ೨೦೨೨ರಲ್ಲಿ ಕರ್ನಾಟಕ ಸರ್ಕಾರವು ನಿಮ್ಹಾನ್ಸ್ ಸಂಸ್ಥೆಯೊಡನೆ ಸೇರಿ ಆರಂಭಿಸಿದ ಮಿದುಳಿನ ಆರೋಗ್ಯದ ಯೋಜನೆಯಂತೆ, ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಡಿಮೆನ್ಷಿಯಾ ಇವುಗಳಿಗಾಗಿ ಜಿಲ್ಲಾಮಟ್ಟದಲ್ಲಿ ಚಿಕಿತ್ಸಾಲಯಗಳನ್ನು ಏರ್ಪಡಿಸಲಾಗಿದೆ. ೨೦೨೨ನೆಯ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿಯ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನೋಡಿಕೊಳ್ಳುವವರು ತಮ್ಮ ದಣಿವನ್ನು ಹೇಳಿಕೊಳ್ಳಲೂ ಅದು ಸ್ಥಾನ. ಹಿರಿಯ ನಾಗರಿಕರ ಸಹಾಯವಾಣಿಯು ೧೪೫೬೭.

ಸ್ವಯಂಸೇವಾಸಂಸ್ಥೆಗಳಲ್ಲಿ ೧೯೯೨ರಲ್ಲಿ ಕೇರಳದಲ್ಲಿ ಡಾಕ್ಟರ್ ಜೇಕಬ್ ರಾಯ್ ಅವರ ಪ್ರಯತ್ನದಿಂದ ಹುಟ್ಟಿದ ಅಲ್ಜೈಮರ್ ಸಂಬಂಧದ ಭಾರತೀಯ ಸಂಘವು ಮೊದಲನೆಯದು. ಬೆಂಗಳೂರಿನಲ್ಲಿಯೂ ಅದರ ಶಾಖೆಯುಂಟು. ೧೯೯೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಗಲಿನ ಆರೈಕೆಯನ್ನೂ ವಾಸದ ಆರೈಕೆಯನ್ನೂ ನಡೆಸುತ್ತಿದೆ. ಹಗಲಿನ ಆರೈಕೆಯ ಕೇಂದ್ರವೆಂದರೆ ಹಿರಿಯರನ್ನು ಹೊರದೂಡುವುದೆಂಬ ಅಪವಾದವುಂಟು. ಮಗುವನ್ನು ಶಾಲೆಗೆ ಕಳುಹಿಸಿ ಸಂಜೆ ಕರೆತರುವ ಮನೆಯವರು ಇದನ್ನು ಹಾಗೆ ಎಣಿಸಬೇಕಾದ ಕಾರಣವಿಲ್ಲ. ವಾಸದ ಆರೈಕೆಯನ್ನು ಆರಿಸುವಾಗ ಕಟ್ಟಡದ ಅಂದಕ್ಕಿಂತಲೂ ರಾತ್ರಿಯ ಹೊತ್ತು ಎಷ್ಟು ಮಂದಿ ನೋಡಿಕೊಳ್ಳುವರು, ರೋಗಿಯನ್ನು ಕಟ್ಟಿಹಾಕುವರೇ, ಮನೆಯವರು ಹೇಳದೆ ಬಂದರೆ ಒಳಗೆ ಬಿಡುವರೇ, ರೋಗಿಯ ಭಾಷೆಯನ್ನು ಬಲ್ಲವರು ಇರುವರೇ ಎಂಬ ಪ್ರಶ್ನೆಗಳು ಮುಖ್ಯ.

ಕಾಯಿದೆಯ ವಿಷಯದಲ್ಲಿಯೂ ವಿಳಂಬವು ಸಲ್ಲದು. ೨೦೧೭ರ ಮಾನಸಿಕ ಆರೋಗ್ಯ ಸಂರಕ್ಷಣೆಯ ಕಾಯಿದೆಯು ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿ ನೆನಪಿನ ಕೇಡನ್ನೂ ಎಣಿಸಿದೆ. ತನಗೆ ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗ ನಿರ್ಧರಿಸತಕ್ಕವರು ಯಾರು ಎಂಬುದನ್ನು ಬುದ್ಧಿ ಸ್ಥಿರವಾಗಿರುವಾಗಲೇ ಬರೆದಿಡುವ ಹಕ್ಕು ಅದರಿಂದ ದೊರೆತಿದೆ. ಆಸ್ತಿಯ ಅಧಿಕಾರಪತ್ರವಾದರೋ, ಕೊಟ್ಟವರ ಬುದ್ಧಿಯು ಕೆಟ್ಟೊಡನೆ ಬಿದ್ದುಹೋಗುವುದೆಂಬುದು ಭಾರತದ ಕರಾರು ಕಾಯಿದೆಯ ನಿಯಮ. ಆದುದರಿಂದ ಮರಣಶಾಸನವೇ ಮೊದಲಾದ ಪತ್ರಗಳನ್ನು ವ್ಯಾಧಿಯ ಆರಂಭದಲ್ಲಿಯೇ, ರೋಗಿಯ ಇಚ್ಛೆಯನ್ನು ಕೇಳಿ, ಮುಗಿಸತಕ್ಕದ್ದು. ಬೇಗನೆ ರೋಗವನ್ನು ಗುರುತಿಸುವುದರ ದೊಡ್ಡ ಲಾಭವೇ ಇದು: ರೋಗಿಯು ತನ್ನ ಮಾತನ್ನು ತಾನೇ ಆಡಲು ಕಾಲವು ದೊರೆಯುವುದು.

೭

ಸಾಹಿತ್ಯದ ವಿದ್ವಾಂಸರೂ ಅಧ್ಯಾಪಕರೂ ಇದರಲ್ಲಿ ಮಾಡತಕ್ಕದ್ದೇನು? ಮೊದಲನೆಯದಾಗಿ, ಬಾಯಿಪಾಠದ ಭಂಡಾರ. ಇಂದಿನ ಬೆಳಗಿನ ಸಂಗತಿಯನ್ನು ಮರೆತವರು ಎಳೆಯತನದಲ್ಲಿ ಕಲಿತ ಹಾಡನ್ನು ತಪ್ಪದೆ ಹಾಡುವುದುಂಟು. ಬೀಸುವ ಪದ, ಸೋಬಾನೆ, ದಾಸರ ಪದ, ಮಗ್ಗಿ, ಅಮರಕೋಶ, ಒಗಟು, ಅರ್ಧ ಹೇಳಿದರೆ ಉಳಿದರ್ಧವನ್ನು ತಾನೇ ಎಳೆದುಕೊಂಡು ಬರುವ ಗಾದೆ, ಇವೆಲ್ಲ ಕನ್ನಡದ ಬುದ್ಧಿಪ್ರಚೋದನೆಗೆ ಸಿದ್ಧವಾಗಿರುವ ಸಾಮಗ್ರಿ. ಜಿಲ್ಲೆ ಜಿಲ್ಲೆಗೂ ಜಾತಿ ಜಾತಿಗೂ ಇವು ಬೇರೆಯಾದುದರಿಂದ, ಧಾರವಾಡದ ಅಜ್ಜಿಗೆ ಮೈಸೂರಿನ ಹಾಡು ಸಾಲದು. ಇವನ್ನು ಪ್ರದೇಶವಾರಾಗಿ ವಿಂಗಡಿಸಿ ಕೊಡಬಲ್ಲವರು ಜಾನಪದವನ್ನೂ ಭಾಷೆಯನ್ನೂ ಬಲ್ಲವರೇ.

ಎರಡನೆಯದಾಗಿ, ಬಹುಭಾಷೆಯ ವಿಚಾರ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ ೬೪೮ ರೋಗಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತೆಂದು ಕಂಡುಬಂದಿತು. ಓದುಬರಹವಿಲ್ಲದವರಲ್ಲಿಯೂ ಈ ವ್ಯತ್ಯಾಸವಿತ್ತು. ವ್ಯಾಧಿಯು ಬೆಳೆದ ಮೇಲೆ ಕೆಲವರು ಆಮೇಲೆ ಕಲಿತ ಭಾಷೆಯನ್ನು ಬಿಟ್ಟು ಮನೆಮಾತಿಗೆ ಮರಳುವರು. ಮುಂಬಯಿಯಲ್ಲಿಯೋ ಅಮೆರಿಕದಲ್ಲಿಯೋ ಮಕ್ಕಳ ಬಳಿ ನೆಲೆಸಿದ ಕನ್ನಡದ ಹಿರಿಯರಿಗೆ ಆಗ ಕನ್ನಡವೇ ಉಳಿದಿರಬಹುದು. ಕರ್ನಾಟಕದ ಕೇಂದ್ರದಲ್ಲಿರುವ ತುಳುವರಿಗೆ, ಕೊಂಕಣಿಯವರಿಗೆ, ಉರ್ದುವಿನವರಿಗೆ ಕನ್ನಡವು ಸಾಲದಿರಬಹುದು.

ಮೂರನೆಯದು ಹೆಸರಿನ ಪ್ರಶ್ನೆ. ಜಪಾನಿನಲ್ಲಿ ಈ ಸ್ಥಿತಿಗೆ ‘ಚಿಹೋ’ ಎಂಬ, ಮೌಢ್ಯವನ್ನು ಸೂಚಿಸುವ ಹೆಸರಿತ್ತು. ಅದು ಅವಮಾನಕರವೆಂದೂ, ಜನರು ಬೇಗನೆ ವೈದ್ಯರ ಬಳಿಗೆ ಬರಲು ಅಡ್ಡಿಯೆಂದೂ ಭಾವಿಸಿ ೨೦೦೪ರಲ್ಲಿ ಸರ್ಕಾರವು ‘ನಿಂಚಿಶೋ’ ಎಂಬ ಹೊಸ ಹೆಸರನ್ನು ಜಾರಿಗೆ ತಂದಿತು. ಗ್ರಹಣಶಕ್ತಿಯ ರೋಗವೆಂದು ಅದರ ತಾತ್ಪರ್ಯ. ಮರುವರ್ಷದಿಂದ ಸಾಮಾನ್ಯ ಜನರಿಗೆ ಈ ವ್ಯಾಧಿಯ ಪರಿಚಯವನ್ನು ಮಾಡಿಕೊಡುವ ತರಬೇತಿಗಳೂ ಆರಂಭವಾದುವು. ಕನ್ನಡದಲ್ಲಿ ‘ಬುದ್ಧಿಮಾಂದ್ಯ’ವು ಹುಟ್ಟಿನಿಂದ ಬಂದ ಬೇರೊಂದು ಸ್ಥಿತಿಗೆ ಸಲ್ಲುವ ಪದ. ‘ಚಿತ್ತಭ್ರಮೆ’ಯು ಹುಚ್ಚನ್ನು ಸೂಚಿಸುವುದು. ‘ಮರೆಗುಳಿತನ’ವು ಸ್ವಭಾವದ ದೋಷವನ್ನು ಹೇಳುವುದು. ‘ಮರೆವಿನ ಕಾಯಿಲೆ’ ಎಂಬ ಆಡುಮಾತು ಶಾಸ್ತ್ರದೃಷ್ಟಿಯಿಂದ ಅಪೂರ್ಣವಾದುದು. ಏಕೆಂದರೆ ವ್ಯಾಧಿಯು ಮಾತನ್ನೂ ದಿಕ್ಕನ್ನೂ ವಿವೇಚನೆಯನ್ನೂ ಕೆಡಿಸುವುದು. ಆದರೂ ಅದಕ್ಕೆ ಒಂದು ಗುಣವುಂಟು. ಅದರಲ್ಲಿ ‘ಕಾಯಿಲೆ’ ಎಂಬ ಪದವಿದೆ.

ವಯಸ್ಸೆಂದು ಕರೆದದ್ದನ್ನು ಜನರು ಸಹಿಸುವರು. ಕಾಯಿಲೆಯೆಂದು ಕರೆದದ್ದನ್ನು ವೈದ್ಯರಿಗೆ ತೋರಿಸುವರು. ಗಾದೆಯನ್ನು ಭಾಷೆಯಿಂದ ತೆಗೆದುಹಾಕುವುದು ಯಾರಿಂದಲೂ ಆಗದು, ಆಗಬೇಕಾದುದೂ ಇಲ್ಲ. ಆದರೆ ಗಾದೆಯ ಪಾಠವನ್ನು ಹೇಳುವ ಅಧ್ಯಾಪಕರು, ಅರವತ್ತು ದಾಟಿದ ನೂರರಲ್ಲಿ ತೊಂಬತ್ತೆರಡು ಮಂದಿಗೆ ಇದು ಸುಳ್ಳೆಂದೂ, ಉಳಿದವರಿಗೆ ಇದು ಕಾಯಿಲೆಯೆಂದೂ ಒಂದು ಮಾತನ್ನು ಕೂಡಿಸಿ ಹೇಳಬಹುದು. ಅದನ್ನು ಕೇಳಿದ ವಿದ್ಯಾರ್ಥಿಗಳಲ್ಲಿ ಒಬ್ಬನಾದರೂ ಮನೆಗೆ ಹೋಗಿ, ಊಟ ಬಡಿಸಲಿಲ್ಲವೆಂದು ದೂರುವ ಅಜ್ಜನನ್ನು ಹೊಸ ಕಣ್ಣಿನಿಂದ ನೋಡಿ, ತಂದೆತಾಯಿಗಳಿಗೆ ಆಸ್ಪತ್ರೆಯ ದಾರಿಯನ್ನು ಸೂಚಿಸಿದರೆ, ಆ ಪಾಠವು ಸಾರ್ಥಕವಾಗುವುದು.